ಬಸ್ಸಾರು ಕಾಯುತ್ತದೆ, ಮುದ್ದೆ ಕಾಯುವುದಿಲ್ಲ

ಹೊಸಕೋಟೆ ಬಿರಿಯಾನಿಯ ಬಗ್ಗೆ ಬರೆದವರಿಗೆ, ವಿಡಿಯೋ ಮಾಡಿದವರಿಗೆ ಲೆಕ್ಕವಿಲ್ಲ. ಭಾನುವಾರ ಕೋಳಿ ಕೂಗುವ ಹೊತ್ತಿಗೆಲ್ಲ ಬೆಂಗಳೂರಿನವರು ಕಾರು, ಬೈಕು ಏರಿ ಬಂದು, ಸಾಲಿನಲ್ಲಿ ನಿಂತು, ತಿಂದು, ತೀರ್ಪು ಕೊಟ್ಟು ಹೋಗುತ್ತಾರೆ. ಅದೇ ತಾಲ್ಲೂಕಿನ ಮನೆಗಳಲ್ಲಿ ದಿನಾ ಬೇಯುವ ಅಡುಗೆಯ ಬಗ್ಗೆ ತೀರ್ಪು ಕೊಡುವವರು ಯಾರೂ ಇಲ್ಲ. ಮನೆಯೂಟದ ವಿಷಯಕ್ಕೆ ಬಂದರೆ ನಮ್ಮಲ್ಲಿ ಇರುವುದು ಎರಡೇ ಮಾತು. ಒಂದು, ಅಮ್ಮನ ಕೈರುಚಿ ಎಂಬ ಹೊಗಳಿಕೆ. ಇನ್ನೊಂದು, ಉಪ್ಪು ಸಾಲದು ಎಂಬ ಗೊಣಗಾಟ. ಕೈರುಚಿ ಎಂದು ಹೊಗಳಿ ಕೈ ತೊಳೆದುಕೊಂಡರೆ ಆ ಕೈ ಎಷ್ಟು ಹೊತ್ತು ಒಲೆ ಮುಂದೆ ಇತ್ತು ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ.

ಇಲ್ಲಿ ತೂಗಿ ನೋಡಲು ಹೊರಟಿರುವುದು ಬಸ್ಸಾರು-ಮುದ್ದೆಯನ್ನು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲಿಗೆ ಹೋದರೂ ಇದು ಇದ್ದದ್ದೇ. ರುಚಿಯ ಪ್ರಶ್ನೆ ಇತ್ಯರ್ಥವಾಗಿ ತಲೆಮಾರುಗಳಾದವು, ಅದನ್ನು ಮತ್ತೆ ಎತ್ತುವ ಅಗತ್ಯವಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ, ಮಕ್ಕಳು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಸ್ಸು ಹತ್ತುವ ಮನೆಗೆ ಈ ಅಡುಗೆ ಇವತ್ತಿಗೂ ಒಗ್ಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಬಸ್ಸಾರಿನ ಜಾಣತನವೆಲ್ಲ ಅದರ ಲೆಕ್ಕಾಚಾರದಲ್ಲಿದೆ. ಕಾಳು ಬೇಯಲು ಇಟ್ಟು, ಮುಕ್ಕಾಲು ಬೆಂದಾಗ ಅದೇ ಪಾತ್ರೆಗೆ ಸೊಪ್ಪು, ಉಪ್ಪು ಹಾಕಿ, ಬೆಂದ ಮೇಲೆ ಬಸಿದರೆ ಕೆಳಗೆ ಕಟ್ಟು, ಮೇಲೆ ಸೊಪ್ಪು-ಕಾಳು. ಕಟ್ಟಿಗೆ ಖಾರ ಸೇರಿದರೆ ಸಾರು, ಸೊಪ್ಪು-ಕಾಳಿಗೆ ಒಗ್ಗರಣೆ ಬಿದ್ದರೆ ಪಲ್ಯ. ಒಂದೇ ಒಲೆ, ಒಂದೇ ಪಾತ್ರೆ, ಎರಡು ಅಡುಗೆ. ಸೌದೆ ಉಳಿಸಿ, ಬಿಸಿಲೇರುವ ಮುಂಚೆ ಹೊಲ ಸೇರಬೇಕಿದ್ದ ಹೆಂಗಸರು ಕಂಡುಕೊಂಡ ಉಪಾಯ ಇದು. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವ ಪದ್ಧತಿಯಲ್ಲಿ ನೀರಿಗೆ ಇಳಿದ ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂ ಎಲ್ಲ ಮೋರಿ ಪಾಲು. ಇಲ್ಲಿ ಅವು ಸಾರಾಗಿ ತಟ್ಟೆಗೆ ಬರುತ್ತವೆ. ಪೌಷ್ಟಿಕತೆಯ ಪಾಠ ಯಾರೂ ಹೇಳಿಕೊಡದ ಕಾಲದಲ್ಲೇ ಈ ಹಂಚಿಕೆ ಸರಿಯಾಗಿತ್ತು.

ಇನ್ನೊಂದು ಗುಣ, ಇದಕ್ಕೆ ಇಂಥದ್ದೇ ಬೇಕೆಂಬ ಹಟವಿಲ್ಲ. ದಂಟು, ಹರಿವೆ, ಸಬ್ಬಸಿಗೆ, ನುಗ್ಗೆ, ಯಾವುದಾದರೂ ನಡೆಯುತ್ತದೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆಗಳನ್ನು ಕೂಡಿಸಿ ಕಿತ್ತ ಬೆರಕೆ ಸೊಪ್ಪಾದರೆ ಕೇಳುವುದೇ ಬೇಡ. ಕಾಳೂ ಅಷ್ಟೆ: ತೊಗರಿ, ಅಲಸಂದೆ, ಹುರುಳಿ, ಅವರೆ, ಡಬ್ಬಿಯಲ್ಲಿ ಏನಿದೆಯೋ ಅದು. ಮೊಬೈಲಿನಲ್ಲಿ ನೋಡಿ ಅಡುಗೆ ಕಲಿಯುವವರಿಗೆ ಈ ಸಡಿಲುತನ ಅರ್ಥವಾಗುವುದು ಕಷ್ಟ. ವಿಡಿಯೋದ ಬಸ್ಸಾರಿಗೆ ಮುಕ್ಕಾಲು ಲೋಟ ಇದು, ಎರಡೂವರೆ ಚಮಚ ಅದು, ಸಾಲದ್ದಕ್ಕೆ ಚಕ್ಕೆ, ಲವಂಗ, ಗಸಗಸೆ ಬೇರೆ. ಚಕ್ಕೆ-ಲವಂಗ ಬಿದ್ದ ಮೇಲೆ ಕಟ್ಟಿನ ವಾಸನೆ ಎಲ್ಲಿ ಉಳಿಯುತ್ತದೆ? ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳುಮೆಣಸು, ಧನಿಯ, ಒಂದಿಷ್ಟು ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಸೊಪ್ಪು-ಕಾಳಿನದೇ ಒಂದು ಹಿಡಿ. ಸಾರು ಮಂದವಾಗುವುದು ಆ ಹಿಡಿಯಿಂದಲೇ. ಅದನ್ನು ಬಿಟ್ಟು ಕಾಯಿ ಜಾಸ್ತಿ ಹಾಕಿದರೆ ಅದು ಸಾಗುವಿನ ತಮ್ಮನಾಗುತ್ತದೆ.

ಒರಳುಕಲ್ಲಿನ ಬಗ್ಗೆ ಕಣ್ಣೀರಿಡುವವರ ಸಾಲಿಗೆ ನಾನು ಸೇರುವುದಿಲ್ಲ. ಮಿಕ್ಸಿ ಖಾರ ಬೇರೆ, ಕಲ್ಲಿನ ಖಾರ ಬೇರೆ, ನಿಜ. ಕಲ್ಲಿನಲ್ಲಿ ಬೆಳ್ಳುಳ್ಳಿ ನಾರು ನಾರಾಗಿ ಜಜ್ಜಿಹೋಗುತ್ತದೆ. ಮಿಕ್ಸಿಯಲ್ಲಿ ಜಾರು ಬಿಸಿಯಾಗಿ ಒಂದು ಬಗೆಯ ಹಸಿ ನೊರೆ ಏಳುತ್ತದೆ. ಆದರೆ ಆ ಖಾರವನ್ನು ಕಟ್ಟಿನಲ್ಲಿ ಚೆನ್ನಾಗಿ ಕುದಿಸಿದರೆ ಮುಕ್ಕಾಲು ಪಾಲು ವ್ಯತ್ಯಾಸ ಕುದಿಯಲ್ಲೇ ಕಳೆಯುತ್ತದೆ. ಉಳಿದ ಕಾಲು ಪಾಲಿಗಾಗಿ ಯಾರನ್ನಾದರೂ ದಿನಾ ಒರಳಿನ ಮುಂದೆ ಕೂರಿಸುವುದು ನ್ಯಾಯವಲ್ಲ. ಉಪ್ಸಾರಿನ ಹಸಿಖಾರಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಅದು ಕುದಿಯುವುದೇ ಇಲ್ಲವಾದ್ದರಿಂದ ಕಲ್ಲಿನ ಗುಣ ಅಲ್ಲಿ ನೇರ ನಾಲಿಗೆಗೆ ಸಿಗುತ್ತದೆ.

ದೊಡ್ಡಬಳ್ಳಾಪುರದ ನೇಕಾರರ ಮನೆಗಳಲ್ಲಿ ಈ ಅಡುಗೆ ಎಷ್ಟು ಹೊಂದಿಕೊಂಡಿದೆ ನೋಡಬೇಕು. ಮುಂದಿನ ಅಂಕಣದಲ್ಲಿ ವಿದ್ಯುತ್ ಮಗ್ಗ, ಹಿಂದೆ ಒಲೆ. ಮಗ್ಗದ ಮುಂದೆ ನಿಂತವಳು ಎಳೆ ತುಂಡಾದರೆ ಕೂಡಲೇ ನಿಲ್ಲಿಸಿ ಗಂಟು ಹಾಕಬೇಕು. ಚಪಾತಿ, ದೋಸೆಯಂಥ ಅಡುಗೆ ಅಲ್ಲಿ ಆಗುವುದಿಲ್ಲ, ಅವು ಪಕ್ಕದಲ್ಲೇ ನಿಲ್ಲು ಎನ್ನುತ್ತವೆ. ಬಸ್ಸಾರು ಹಾಗನ್ನುವುದಿಲ್ಲ. ಕಾಳು ತನ್ನ ಪಾಡಿಗೆ ಬೇಯುತ್ತದೆ, ಬಸಿದಿಟ್ಟ ಕಟ್ಟು ಗಂಟೆಗಟ್ಟಲೆ ಕಾಯುತ್ತದೆ. ಕರೆಂಟು ಹೋದರೆ ಮಗ್ಗವೂ ನಿಲ್ಲುತ್ತದೆ, ಮಿಕ್ಸಿಯೂ ನಿಲ್ಲುತ್ತದೆ. ಕೈ ಬಿಡುವಾದಾಗ ಖಾರ ರುಬ್ಬಲಾಗದು, ರುಬ್ಬಲಾಗುವಾಗ ಕೈ ಬಿಡುವಿಲ್ಲ. ಹಾಗಾಗಿ ಖಾರ ಬೆಳಗ್ಗೆಯೇ ರುಬ್ಬಿಟ್ಟ ಮನೆಯೇ ಮನೆ.

ಕುಕ್ಕರಿನ ಮೇಲೆ ಹಳಬರಿಗೆ ಒಂದು ದೂರಿದೆ: ಕಾಳು ಕರಗಿ ಕಟ್ಟು ಗೊಜ್ಜಾಗುತ್ತದೆ, ಪಲ್ಯ ಮುದ್ದೆಯಾಗುತ್ತದೆ. ದೂರು ಸರಿ. ಆದರೆ ಕುಕ್ಕರ್ ಬರೀ ಸೋಮಾರಿತನದಿಂದ ಬಂದದ್ದಲ್ಲ. ಈ ಸೀಮೆಯ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗೂ ಕೆಳಗಿಳಿದು, ಬರುವ ನೀರು ಗಡಸಾಯಿತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಪೆಕ್ಟಿನ್ ಜೊತೆ ಕೂಡಿಕೊಂಡು ಅದನ್ನು ಮೆದುವಾಗಲು ಬಿಡುವುದಿಲ್ಲ. ಬರೀ ಪಾತ್ರೆಯಲ್ಲಿಟ್ಟರೆ ಹುರುಳಿಕಾಳು ಬೇಯುವ ಹೊತ್ತಿಗೆ ಹೊತ್ತೇ ಮುಳುಗಿರುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಹೊತ್ತು ತಂದ ಕ್ಯಾನ್ ನೀರನ್ನು ಕುಡಿಯಲು ಮಾತ್ರವಲ್ಲ, ಕಾಳಿಗೂ ಹಾಕುವ ಮನೆಗಳಿವೆ, ಅದು ಸರಿಯಾದ ತಿಳಿವಳಿಕೆಯೇ. ಕಾಳನ್ನು ಕುಕ್ಕರಿನಲ್ಲಿ ಬೇಯಿಸಿ, ಆವಿ ಇಳಿದ ಮೇಲೆ ಮುಚ್ಚಳ ತೆಗೆದು ಸೊಪ್ಪು ಹಾಕಿ, ತೆರೆದೇ ಬೇಯಿಸಿದರೆ ಹಳಬರ ದೂರೂ ಇರದು, ಹೊತ್ತೂ ಉಳಿಯುತ್ತದೆ. ಸೊಪ್ಪಿಗೆ ಮಾತ್ರ ವಿಷಲ್ ಹೊಡೆಸಬಾರದು. ಬಣ್ಣ ಕೆಟ್ಟು ಹುಲ್ಲಿನ ವಾಸನೆ ಹೊಡೆಯುತ್ತದೆ.

ಕುಕ್ಕರ್ ಎಂದ ಮೇಲೆ ಅದರಲ್ಲಿ ಬೇಯುವ ಕೇಕನ್ನೂ ಹೇಳಿಬಿಡಬೇಕು. 2020ರ ಲಾಕ್‌ಡೌನ್‌ನಲ್ಲಿ ಬೇಕರಿಗಳ ಬಾಗಿಲು ಹಾಕಿದಾಗ ಈ ವಿದ್ಯೆ ಹಳ್ಳಿಹಳ್ಳಿಗೆ ಹಬ್ಬಿತು. ತಳಕ್ಕೆ ಉಪ್ಪೋ ಮರಳೋ ಹರವಿ, ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಕೇಕು ಉಬ್ಬುತ್ತದೆ, ಆದರೆ ಮೇಲೆ ಕೆಂಪಗಾಗದೆ ಪೇಲವವಾಗಿಯೇ ಉಳಿಯುತ್ತದೆ, ಮೇಲಿನಿಂದ ಒಣ ಕಾವು ಬೀಳುವುದಿಲ್ಲವಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಅಡ್ಡಿಯಿಲ್ಲ. ದಿನದ ತಿಂಡಿಯಾಗಿ ಬೇಕಿಂಗ್ ನಮ್ಮ ಮನೆಗಳಲ್ಲಿ ಬೇರೂರದಿರಲು ಕಾರಣ ಬೇರೆಯೇ ಇದೆ. ಪ್ರತಿ ಊರಿನ ಬಸ್‌ ನಿಲ್ದಾಣದ ಎದುರಿಗೊಂದು ಅಯ್ಯಂಗಾರ್ ಬೇಕರಿ ಇರುವಾಗ ಬನ್ನಿಗಾಗಿ ಮನೆಯಲ್ಲಿ ಹಿಟ್ಟು ನಾದುವವರು ಯಾರು? ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೇಕರಿ ತರಬೇತಿ ಕೊಡುತ್ತಾರೆ, ರಾಗಿ ಬಿಸ್ಕತ್ತು ಕಲಿತು ಮಾರುವ ಹೆಂಗಸರಿದ್ದಾರೆ. ಬಿಸ್ಕತ್ತು ಸೊಗಸಾಗಿಯೇ ಬರುತ್ತದೆ, ಅದು ಪುಡಿಪುಡಿಯಾಗಬೇಕಾದ ಪದಾರ್ಥ. ರಾಗಿಯಲ್ಲಿ ಗ್ಲುಟನ್ ಇಲ್ಲ, ಗಾಳಿ ಹಿಡಿದಿಡುವ ಶಕ್ತಿಯಿಲ್ಲ. ಹಾಗಾಗಿ ಬರೀ ರಾಗಿಯ ಬ್ರೆಡ್ಡು ಇಟ್ಟಿಗೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದಾಗ ರಾಗಿ ಪಿಜ್ಜಾ, ರಾಗಿ ಪಾಸ್ತಾ ಎಲ್ಲ ಬಂದುಹೋದವು. ಅವುಗಳಲ್ಲಿ ರಾಗಿಗಿಂತ ಮೈದಾ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಬಸ್ಸಾರಿನಲ್ಲಿ ಮೆಚ್ಚದ ಒಂದು ಅಂಶ ಇದೆ, ಸೊಪ್ಪು ಬಿಡಿಸುವುದು. ಅದು ಲೆಕ್ಕಕ್ಕೆ ಬರದ ಕೆಲಸ. ಅಡುಗೆ ಅರ್ಧ ಗಂಟೆಯದು ಎನ್ನುವವರು ಆ ಮುಂಚಿನ ಅರ್ಧ ಗಂಟೆಯನ್ನು ಎಣಿಸುವುದೇ ಇಲ್ಲ. ಕಡ್ಡಿ ತೆಗೆದು, ಹುಳು ನೋಡಿ, ಮೂರು ನೀರಿನಲ್ಲಿ ಮಣ್ಣು ಬಿಡಿಸಿ. ಅವರೆಕಾಯಿ ಕಾಲದಲ್ಲಂತೂ ಕೇಳಬೇಡಿ: ಸುಲಿಯುವುದು, ರಾತ್ರಿ ನೆನೆಸುವುದು, ಬೆಳಗ್ಗೆ ಒಂದೊಂದೇ ಕಾಳನ್ನು ಬೆರಳಲ್ಲಿ ಹಿದುಕುವುದು. ಟಿ.ವಿ. ಮುಂದೆ ಮನೆಮಂದಿಯೆಲ್ಲ ಮೊರ ಹಿಡಿದು ಕೂರುತ್ತಿದ್ದಾಗ ಅದು ಕೆಲಸ ಅನ್ನಿಸುತ್ತಿರಲಿಲ್ಲ. ಈಗ ಒಬ್ಬಳೇ ಕೂತರೆ ಶಿಕ್ಷೆ. ಹಿದುಕಿದ ಬೇಳೆಯನ್ನು ಸಂತೆಯಲ್ಲಿ ಕೊಂಡು ತಂದರೆ ತಪ್ಪೇನೂ ಇಲ್ಲ. ತಕರಾರು ಇರುವುದು ಕಾಲ ತಪ್ಪಿದ ಅವರೆಗೆ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುವ ಬೆಳೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು, ಅಂದರೆ ಎಚ್‌ಎ-3, ಎಚ್‌ಎ-4, ಹಗಲಿನ ಉದ್ದ ನೋಡುವುದಿಲ್ಲ. ವರ್ಷವಿಡೀ ಕಾಯಿ ಕೊಡುತ್ತವೆ. ರೈತನಿಗೆ ಅನುಕೂಲವೇ. ಆದರೆ ಇಬ್ಬನಿ ಬಿದ್ದ ಧನುರ್ಮಾಸದ ಕಾಯಿಯ ಸೊಗಡು ಜೂನ್ ತಿಂಗಳ ಕಾಯಿಯಲ್ಲಿ ಇಲ್ಲ. ಅಂಥ ಕಾಳಿನಲ್ಲಿ ಮಾಡಿದ ಸಾರು ಹೆಸರಿಗಷ್ಟೇ ಅವರೆಕಾಳಿನ ಸಾರು.

ಇಷ್ಟಾದರೂ ಬಸ್ಸಾರು ಗೆದ್ದಿತೆಂದೇ ಹೇಳಬೇಕು. ಮಾಡಿಟ್ಟರೆ ರಾತ್ರಿಗೂ ಆಯಿತು, ಮಾರನೆಯ ದಿನಕ್ಕೂ ಆಯಿತು; ಮಾರನೆಯ ದಿನದ್ದೇ ಹೆಚ್ಚು ರುಚಿ ಎನ್ನುವವರ ಪಕ್ಷ ದೊಡ್ಡದು. ಸೋಲುತ್ತಿರುವುದು ಮುದ್ದೆ.

ಮುದ್ದೆಯ ಗುಣದ ಬಗ್ಗೆ ಅನುಮಾನವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತಕ್ಕೂ ಕಡಿಮೆ. ಅದರ ತೊಂದರೆ ಗಡಿಯಾರದ್ದು. ನೀರು ಕುದಿ ಬಂದಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲು ನಡುವೆ ನಿಲ್ಲಿಸಿ, ಉರಿ ತಗ್ಗಿಸಿ, ಗುಡ್ಡೆಯ ಸುತ್ತ ನೀರು ಉಕ್ಕುಕ್ಕಿ ಹಿಟ್ಟು ಒಳಗೇ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಭದ್ರವಾಗಿ ಹಿಡಿದು, ತೋಳಿನ ಬಲವೆಲ್ಲ ಹಾಕಿ, ಗಂಟಿಲ್ಲದಂತೆ ತೊಳಸಬೇಕು. ಕೈ ಒದ್ದೆ ಮಾಡಿಕೊಂಡು ಸುಡುವ ಹಿಟ್ಟನ್ನು ಉಂಡೆ ಕಟ್ಟಿದ ಕೂಡಲೇ ತಟ್ಟೆಗೆ ಬರಬೇಕು. ಅರ್ಧ ಗಂಟೆ ಕಳೆದರೆ ಮೇಲೆ ಚರ್ಮ ಕಟ್ಟುತ್ತದೆ, ಇನ್ನಷ್ಟು ಕಳೆದರೆ ಬೆಂದ ಪಿಷ್ಟ ತಣಿದು ಗಟ್ಟಿಯಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಎಲ್ಲರೂ ಹೊಲದಿಂದ ಒಟ್ಟಿಗೆ ಬಂದು ಒಟ್ಟಿಗೆ ಉಣ್ಣುತ್ತಿದ್ದ ಮನೆಗೆ ಇದು ತಕ್ಕ ಅಡುಗೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು. ದಾಬಸ್‌ಪೇಟೆಯಲ್ಲಿ ಕಾರ್ಖಾನೆಗಳು, ದೊಡ್ಡಬಳ್ಳಾಪುರದಲ್ಲಿ ಸಿದ್ಧ ಉಡುಪಿನ ಘಟಕಗಳು. ಮಗ ಟ್ಯಾಕ್ಸಿ ಓಡಿಸಿ ನಡುರಾತ್ರಿ ಬರುತ್ತಾನೆ, ಸೊಸೆ ಗಾರ್ಮೆಂಟ್ಸ್ ಬಸ್ಸಿಳಿದು ಸಂಜೆ ಏಳಕ್ಕೆ, ಮಗಳು ಟ್ಯೂಷನ್ ಮುಗಿಸಿ ಎಂಟಕ್ಕೆ. ಸಾರು ಮೂರು ಸಲ ಬಿಸಿಯಾಗುತ್ತದೆ, ಅಡ್ಡಿಯಿಲ್ಲ. ಮುದ್ದೆಯನ್ನು ಮೂರು ಸಲ ತೊಳಸಬೇಕು. ತೊಳಸುವವಳು ಒಬ್ಬಳೇ.

ಇದಕ್ಕೆ ಮನೆಗಳು ಕಂಡುಕೊಂಡ ದಾರಿಗಳಲ್ಲಿ ಹಾಟ್‌ಬಾಕ್ಸ್ ಅತಿ ಕೆಟ್ಟದ್ದು. ಒಳಗೆ ಬೆವರು ಬಿಟ್ಟು ಮುದ್ದೆ ಲೋಳೆಯಾಗುತ್ತದೆ. ಎರಡನೆಯದು, ಮುದ್ದೆಯನ್ನೇ ಕಡಿಮೆ ಮಾಡುವುದು. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಅಕ್ಕಿಗೆ ಕೊರತೆಯಿಲ್ಲ. ಎರಡು ಹೊತ್ತು ಅನ್ನ, ರಾತ್ರಿಗೊಂದೇ ಮುದ್ದೆ ಎಂಬುದು ಎಷ್ಟೋ ಮನೆಗಳ ಒಪ್ಪಂದ. ಬಸ್ಸಾರು ಅನ್ನಕ್ಕೂ ಆಗುತ್ತದೆ, ಆದರೆ ಅನ್ನದ ಜೊತೆ ಅದು ತಿಳಿಸಾರಿಗೆ ಸಮ. ಅದರ ಖಾರ ಲೆಕ್ಕ ಹಾಕಿರುವುದೇ ಉಪ್ಪು ಕಡಿಮೆ ಇರುವ, ಅಗಿಯದೆ ನುಂಗುವ ಮುದ್ದೆಗೆ.

ಮೂರನೆಯ ದಾರಿಯನ್ನು ಅತ್ತೆಯಂದಿರು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಹಿಟ್ಟನ್ನು ತಣ್ಣೀರಿನಲ್ಲೇ ಗಂಟಿಲ್ಲದಂತೆ ಕದಡಿ, ಸಣ್ಣ ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಸೌಟಿನಿಂದ ತಿರುಗಿಸುತ್ತ ಹೋದರೆ ಒಬ್ಬರಿಗಾಗುವಷ್ಟು ಮುದ್ದೆ. ಬಿಡಾರದ ಹುಡುಗರು ಮಾಡಿಕೊಳ್ಳುವುದು ಹೀಗೆ. ಗುಡ್ಡೆ ಹಾಕಿ ಬೇಯಿಸಿದ ಹಿಟ್ಟಿನ ಘಮ ಇದಕ್ಕೆ ಬರುವುದಿಲ್ಲ, ಸ್ವಲ್ಪ ಅಂಟೂ ಹೌದು; "ಅದೇನು ಮುದ್ದೆನಾ, ಅಂಬ್ಲಿ ಗಟ್ಟಿ ಆದಂಗೈತೆ" ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ತೋಳಿನ ಬಲ ಬೇಡ, ಕೋಲು ಬೇಡ, ಇನ್ನೊಬ್ಬರನ್ನು ಎಬ್ಬಿಸಬೇಕಾಗಿಲ್ಲ. ನಡುರಾತ್ರಿ ಬಂದ ಮಗ ತನ್ನ ಮುದ್ದೆ ತಾನೇ ಮಾಡಿಕೊಂಡು ಬಸ್ಸಾರು ಬಿಸಿ ಮಾಡಿಕೊಂಡು ಉಣ್ಣಬಹುದು, ಉಂಡಾದ ಮೇಲೆ ಬಾಣಲೆಗೆ ನೀರು ಹಾಕಿಟ್ಟು ಮಲಗಿದರೆ. ಹಾಕದಿದ್ದರೆ ಬೆಳಗ್ಗೆ ಅದನ್ನು ಕೆರೆಯುವ ಕೆಲಸ ಮತ್ತೆ ಯಾರ ಪಾಲಿಗೆ ಬರುತ್ತದೆ ಎಂಬುದು ಗೊತ್ತಿದ್ದದ್ದೇ.