ಸೂಚಕ ಕಡ್ಡಿಯ ವೇಗವ್ಯವಸ್ಥೆ: ಒಂದು ವಿಮರ್ಶೆ

ಕೀಲಿಮಣೆಯ ಜಿ, ಹೆಚ್, ಬಿ ಅಕ್ಷರಗಳ ನಡುವೆ ತಲೆಯೆತ್ತಿರುವ ಕೆಂಪು ಗುಬುಟನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಐ.ಬಿ.ಎಂ. ಸಂಸ್ಥೆಯ ಟೆಡ್ ಸೆಲ್ಕರ್ ಮತ್ತು ಜೋಸೆಫ್ ರಟ್ಲೆಜ್ ಅವರ ಸಂಶೋಧನೆಯ ಫಲವಾದ ಈ ಸಾಧನವು 1992ರಲ್ಲಿ ಥಿಂಕ್‌ಪ್ಯಾಡ್ 700ಸಿ ಗಣಕದೊಡನೆ ಬಳಕೆಗೆ ಬಂದಿತು. ಇದರ ವೇಗವನ್ನು ಹೊಂದಿಸಲು ಲಿನಕ್ಸ್ ವ್ಯವಸ್ಥೆಯ ಲಿಬ್‌ಇನ್‌ಪುಟ್ ತಂತ್ರಾಂಶವು ಹಿಡಿದಿರುವ ಮಾರ್ಗವು ಸಾಧನದ ಸ್ವಭಾವಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ಇಲ್ಲಿ ವಿಚಾರಿಸಲು ಬಯಸುತ್ತೇವೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಮೌಸು ಕೈಯ ಚಲನೆಯನ್ನು ಅಳೆಯುತ್ತದೆ. ಕಡ್ಡಿಯಾದರೋ ಚಲಿಸುವುದೇ ಇಲ್ಲವೆನ್ನಬೇಕು. ಅದು ಬೆರಳಿನ ಒತ್ತಡವನ್ನು ಅಳೆದು ವೇಗವನ್ನಾಗಿ ಮಾರ್ಪಡಿಸುತ್ತದೆ. ಆದುದರಿಂದ ಮೌಸಿಗೆ ವೇಗವರ್ಧನೆಯು ಮೇಲಿನಿಂದ ಸೇರಿಸಿದ ಸೌಕರ್ಯ. ಕಡ್ಡಿಗೆ ಒತ್ತಡ ಹಾಗೂ ವೇಗಗಳ ಸಂಬಂಧವನ್ನು ತೋರುವ ವಕ್ರರೇಖೆಯೇ ಜೀವ. 1990ರ ತಮ್ಮ ಪ್ರಬಂಧದಲ್ಲಿ ರಟ್ಲೆಜ್ ಮತ್ತು ಸೆಲ್ಕರ್ ಈ ರೇಖೆಯನ್ನೇ ವಿವೇಚಿಸಿದರು. ಅವರ ಯೋಜನೆಯಲ್ಲಿ ಅತ್ಯಲ್ಪ ಒತ್ತಡಕ್ಕೆ ಚಲನೆಯಿಲ್ಲ, ಬಳಿಕ ಸೂಕ್ಷ್ಮ ಕೆಲಸಕ್ಕೆಂದು ನಿಧಾನವೇಗದ ಒಂದು ಸಮತಟ್ಟು, ಆಮೇಲೆ ಏರಿಕೆ, ಕಣ್ಣು ಹಿಂಬಾಲಿಸಬಲ್ಲ ವೇಗದ ಮಿತಿಯ ಬಳಿ ಮತ್ತೊಂದು ಸಮತಟ್ಟು. ಕಣ್ಣಿನ ಶಕ್ತಿಯನ್ನೇ ರೇಖೆಗೆ ಅಳತೆಗೋಲಾಗಿಸಿದುದು ನಮ್ಮ ಅಭಿಪ್ರಾಯದಲ್ಲಿ ಇಡೀ ಯೋಜನೆಯ ಶ್ರೇಷ್ಠಾಂಶ.

ಲಿಬ್‌ಇನ್‌ಪುಟ್ ಎದುರಿಸಿದ ತೊಡಕು ಸಣ್ಣದೇನಲ್ಲ. ಒಂದೇ ಒತ್ತಡಕ್ಕೆ ಬೇರೆಬೇರೆ ಕಡ್ಡಿಗಳು ಬಹು ಭಿನ್ನವಾದ ಸಂಖ್ಯೆಗಳನ್ನು ಕಳುಹಿಸುತ್ತವೆ. ಮೊದಲು ಅದು ಪ್ರತಿಯೊಂದು ಮಾದರಿಯ ವ್ಯಾಪ್ತಿಯನ್ನು ಅಳೆದು ಬರೆದಿಡುವ ದಾರಿ ಹಿಡಿದಿತ್ತು, 2018ರ 1.12ನೆಯ ಆವೃತ್ತಿಯಲ್ಲಿ ಅದನ್ನು ಬಿಟ್ಟು, ಬಂದ ಸಂಖ್ಯೆಯನ್ನು ಒಂದು ಸ್ಥಿರ ಗುಣಕದಿಂದ ಗುಣಿಸುವ ಸರಳಕ್ರಮವನ್ನು ತಂದಿತು. ಮಾದರಿಗಳ ಅಂತರವನ್ನು ತಗ್ಗಿಸಲು ಇದು ಸಾಕು, ಪ್ರಾಮಾಣಿಕವೂ ಹೌದು. ಆದರೆ ಗುಣಾಕಾರವು ರೇಖೆಯನ್ನು ಹಿಗ್ಗಿಸುತ್ತದೆಯೇ ಹೊರತು ಅದರ ಆಕಾರವನ್ನು ತಿದ್ದಲಾರದು. ಕಡ್ಡಿ ಕಳುಹಿಸುವ ಅತಿ ಚಿಕ್ಕ ಹೆಜ್ಜೆ 1. ಗುಣಕ 2 ಆದಲ್ಲಿ, ಮುಂದಿನ ವೇಗರೇಖೆಯು ಇಳಿಸದ ಪಕ್ಷದಲ್ಲಿ, ಆ ಹೆಜ್ಜೆ 2 ಆಗುತ್ತದೆ. ತೆರೆಯನ್ನು ಬೇಗ ದಾಟಬೇಕೆಂದು ಗುಣಕವನ್ನು ಏರಿಸಿದವನು ಎರಡು ಅಕ್ಷರಗಳ ನಡುವೆ ಸೂಚಕವನ್ನು ನಿಲ್ಲಿಸಲು ಪರದಾಡುವನು. ಇಳಿಸಿದವನು ದಿನವೆಲ್ಲ ಬಲವಾಗಿ ಒತ್ತಬೇಕಾಗುವುದು. ಆ ದಂಡವನ್ನು ತೆರುವುದು ತೋರುಬೆರಳಿನ ಗೆಣ್ಣು. ತೋಳಿನ ನೋವಿನಿಂದ ಮೌಸನ್ನು ಬಿಟ್ಟು ಈ ಕಡ್ಡಿಗೆ ಬಂದವರಿಗೆ ಇದು ಕ್ಷುಲ್ಲಕ ಸಂಗತಿಯಲ್ಲ.

ಇನ್ನೊಂದು ದಾರಿಯುಂಟು. ಲಿನಕ್ಸ್ ಕರ್ನೆಲ್ಲಿನ ಚಾಲಕವು ಐ.ಬಿ.ಎಂ. ಮೂಲದ ಕಡ್ಡಿಗಳಲ್ಲಿ ಸಂವೇದನೆ, ವೇಗ ಮುಂತಾದವುಗಳನ್ನು ಸಾಧನದೊಳಗೇ ಬದಲಾಯಿಸಲು ಬಿಡುತ್ತದೆ. 0ಯಿಂದ 255ರವರೆಗಿನ ಅಳತೆಯಲ್ಲಿ ಸಂವೇದನೆಯ ಮೂಲಮೌಲ್ಯ 128, ವೇಗದ್ದು 97. ಸಂಖ್ಯೆಗಳು ಹುಟ್ಟುವ ಮೊದಲೇ ಈ ತಿದ್ದುಪಡಿ ನಡೆಯುವುದರಿಂದ ಸೂಕ್ಷ್ಮತೆ ಉಳಿಯುವ ಸಂಭವ ಹೆಚ್ಚು. ದುರ್ದೈವವಶಾತ್, ಈಚೆಗೆ ಥಿಂಕ್‌ಪ್ಯಾಡುಗಳಲ್ಲೇ ಸೇರಿಕೊಂಡಿರುವ ಎಲಾನ್, ಆಲ್ಪ್ಸ್ ಮೊದಲಾದ ಕಡ್ಡಿಗಳು ಈ ಎಲ್ಲ ಹಿಡಿಕೆಗಳನ್ನು ಒದಗಿಸುವುದಿಲ್ಲ. ಅಂಥವನ್ನು ಬಳಸುವವನಿಗೆ ಮುಖ್ಯವಾಗಿ ಉಳಿಯುವುದು ಗುಣಕ ಮತ್ತು –1ರಿಂದ +1ರವರೆಗೆ ಜಾರುವ ವೇಗಸೂಚಿ. ಸೂಕ್ಷ್ಮಕಾರ್ಯದ ವೇಗಕ್ಕೊಂದು, ಗರಿಷ್ಠ ವೇಗಕ್ಕೊಂದು, ಹೀಗೆ ಎರಡು ಮೌಲ್ಯಗಳನ್ನಾದರೂ ಬೇರೆಬೇರೆಯಾಗಿ ಅವನ ಕೈಗೆ ಕೊಡಬೇಕಾಗಿತ್ತು ಎಂಬುದೇ ನಮ್ಮ ಆಕ್ಷೇಪ.