ಪಾಠದೊಳಕ್ಕೆ ಬಾರದ ನೆರೆ

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ನೈಸರ್ಗಿಕ ವಿಪತ್ತುಗಳ ಅಧ್ಯಾಯವಿದೆ. ಚಂಡಮಾರುತ, ಪ್ರವಾಹ, ಭೂಕುಸಿತ ಎಂದರೇನು, ಕಾರಣ, ಪರಿಣಾಮ, ಮುಂಜಾಗ್ರತೆ ಏನು ಎಂಬ ಕ್ರಮದಲ್ಲಿ ಪಾಠ ಸಾಗುತ್ತದೆ. ಪರೀಕ್ಷೆಗೆ ಇದು ಅನುಕೂಲವೇ. ಆದರೆ ‘ಬೆಳೆ ಹಾನಿ, ಆಸ್ತಿ ಹಾನಿ’ ಎಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಯಾರ ಆಸ್ತಿ ಹೋಯಿತು, ಮರುದಿನ ಆ ಮನೆಯ ಒಲೆ ಹೇಗೆ ಉರಿಯಿತು ಎಂಬುದು ತಿಳಿಯುವುದಿಲ್ಲ. ಅನುಭವಿಸಿದವರ ಮಾತು ಸೇರದಿದ್ದರೆ ಕಾರಣಗಳ ಪಾಠವೂ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ವಾದ.

ಚನ್ನಪಟ್ಟಣ ತಾಲೂಕಿನ ಅಕ್ಕೂರಿನ ಮಕ್ಕಳಿಗೆ ಉದಾಹರಣೆ ಹುಡುಕಿಕೊಂಡು ಒಡಿಶಾದ ಕರಾವಳಿಗೆ ಹೋಗಬೇಕಿಲ್ಲ. 2022ರ ಆಗಸ್ಟ್ ಕೊನೆಯ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಬಿದ್ದವು, ರಾಮನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ವಾಹನಗಳು ಮುಳುಗಿದವು. ರಾಮನಗರದಲ್ಲಿ ಎಷ್ಟೋ ಮನೆಗಳೇ ರೇಷ್ಮೆ ನೂಲು ಬಿಚ್ಚಾಣಿಕೆಯ ಜಾಗ. ನೆನೆದು ಕೊಳೆತ ಗೂಡಿನಿಂದ ನೂಲು ಬರುವುದಿಲ್ಲ, ಕೆಸರು ತುಂಬಿದ ಯಂತ್ರ ತಿರುಗುವುದಿಲ್ಲ. ಸಾಲ ಮಾತ್ರ ನಿಲ್ಲುವುದಿಲ್ಲ. ನೂಲು ಬಿಚ್ಚುವ ರೀಲರ್ ಕೊಳ್ಳದಿದ್ದರೆ ಗೂಡು ಬೆಳೆದವರೂ ಕೈ ಕಟ್ಟಿ ಕೂರುವಂತಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡು ಒಡೆದು ಹೊರಬರುತ್ತದೆ, ಸಿಕ್ಕ ಬೆಲೆಗೆ ಕೊಡಲೇಬೇಕು. ಪಟ್ಟಣದ ನೆರೆ ಹಳ್ಳಿಯ ಹಿಪ್ಪುನೇರಳೆ ತೋಟವನ್ನು ಮುಟ್ಟುವ ಈ ದಾರಿ ಯಾವ ವ್ಯಾಖ್ಯೆಯಲ್ಲೂ ಸಿಗದು, ನಷ್ಟ ಉಂಡವರ ಬಾಯಲ್ಲೇ ಕೇಳಬೇಕು. ಕೇಳುತ್ತ ಹೋದರೆ ರಾಜಕಾಲುವೆ ಎಲ್ಲಿ ಹೋಯಿತು, ಹೊಸ ಹೆದ್ದಾರಿಯಲ್ಲಿ ನೀರಿಗೆ ದಾರಿ ಬಿಟ್ಟಿದ್ದರೇ ಎಂಬ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ‘ಅತಿವೃಷ್ಟಿ’ ಎಂಬ ಒಂದೇ ಉತ್ತರ ಆಗ ಸಾಲದು. ಮರುವರ್ಷವೇ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅದೂ ಇದೇ ಪಾಠದ ಮುಂದಿನ ಭಾಗ.

ಎಳೆಯ ಮನಸ್ಸಿಗೆ ನೋವಾಗುತ್ತದೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮನೆ ಕಳೆದುಕೊಂಡ ಹುಡುಗಿಯನ್ನೇ ತರಗತಿಯ ಮುಂದೆ ನಿಲ್ಲಿಸಿ ‘ಹೇಳಮ್ಮ’ ಎನ್ನುವುದು ಕ್ರೌರ್ಯ. ಮಾತಾಡಲು ಒಪ್ಪುವ ದೊಡ್ಡವರನ್ನು ಕರೆಯಬೇಕು, ಸಾವಿನ ವಿವರಕ್ಕಿಂತ ಬದುಕಿನ ವಿವರ ಕೇಳಬೇಕು. ನೆನಪು ಉತ್ಪ್ರೇಕ್ಷೆ ಮಾಡುತ್ತದೆ ಎನ್ನುವವರಿಗೆ ಉತ್ತರವೂ ಇದೆ: ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಮಾತನ್ನು ಲೆಕ್ಕದ ಜೊತೆ ಇಟ್ಟು ನೋಡಲಿ. ಬರೀ ಲೆಕ್ಕ ಉಳಿದರೆ ಏನಾಗುತ್ತದೆಂಬುದಕ್ಕೆ 1876–78ರ ಧಾತು–ಈಶ್ವರ ಬರವಿದೆ. ಮೈಸೂರು ಸಂಸ್ಥಾನದಲ್ಲಿ ಸತ್ತ ಲಕ್ಷಾಂತರ ಜನ ಸರ್ಕಾರಿ ವರದಿಗಳಲ್ಲಿ ಹೆಚ್ಚಾಗಿ ಸಂಖ್ಯೆಯಾಗಿಯೇ ಉಳಿದರು.

ಸಿಲಬಸ್ ಮುಗಿಸಲು ಪುರುಸೊತ್ತಿಲ್ಲ ಎಂಬ ಶಿಕ್ಷಕರ ಕಷ್ಟ ನಿಜ. ಅದಕ್ಕೆ ಹೊಸ ಅಧ್ಯಾಯ ಬೇಡ, ಈಗಿರುವ ಪ್ರಾಜೆಕ್ಟನ್ನೇ ಬದಲಿಸಿದರೆ ಸಾಕು. ಇಂಟರ್ನೆಟ್‌ನ ಚಿತ್ರ ಅಂಟಿಸಿ ತರುವ ಬದಲು, ಪರಿಹಾರದ ಅರ್ಜಿಗೆ ಯಾವ ಕಾಗದ ಕೇಳಿದರು, ಬಾಡಿಗೆ ಮನೆಯವರಿಗೆ ಹಣ ಬಂತೇ ಎಂದು ವಿದ್ಯಾರ್ಥಿಗಳು ವಿಚಾರಿಸಿ ಬರೆದುಕೊಂಡು ಬರಲಿ.