ಟರ್ಮಿನೇಟರ್‌ನ ಜಾಕೆಟ್ಟು, ಮುತ್ಯಾನ ಮೂಗು

ಈ ಸಲದ ಎಪಿಸೋಡ್ ಕೇಳಿದವರಿಗೆ ನನ್ನ ಜಾಕೆಟ್ಟಿನ ಕಥೆ ಗೊತ್ತು. ಕೇಳದವರಿಗೆ ಚುಟುಕಾಗಿ ಹೇಳ್ತೀನಿ. ಹೊರದೇಶದಲ್ಲಿ ಮಾಸ್ಟರ್ಸ್ ಓದುವಾಗ ಒಂದು ಕಪ್ಪು ಲೆದರ್ ಜಾಕೆಟ್ ಕೊಂಡೆ. ಎರಡು ತಿಂಗಳ ಪಾರ್ಟ್ ಟೈಮ್ ದುಡ್ಡು ಅದಕ್ಕೇ ಹೋಯ್ತು. ಈಗ ಅದು ಅಲ್ ಅಜೈಬಾದ ನಮ್ಮ ಮನೆಯ ಕಪಾಟಿನಲ್ಲಿದೆ. ಹೋದ ಜುಲೈನಲ್ಲಿ ತೆಗೆದು ನೋಡಿದರೆ ಭುಜ, ಕಾಲರ್ ಎಲ್ಲಾ ಕಪ್ಪು ಹೊಟ್ಟಿನ ಹಾಗೆ ಉದುರ್ತಾ ಇತ್ತು. ಹೊರಗೆ 45 ಡಿಗ್ರಿ, ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ, ಒಳಗೆ ನಾನು ಜಾಕೆಟ್ ಹಿಡ್ಕೊಂಡು ನಿಂತಿದ್ದೆ. ಎಪಿಸೋಡ್‌ನಲ್ಲಿ ಇದನ್ನು ಹೇಳಿ ನಕ್ಕು ಮುಗಿಸಿಬಿಟ್ಟೆ. ಆದರೆ ಅದು ಅರ್ಧ ಕಥೆ. ಇನ್ನರ್ಧ ಮೈಕಿನ ಮುಂದೆ ಬಾಯಿಗೆ ಬರಲಿಲ್ಲ. ಇಲ್ಲಿ ಬರೀತೀನಿ. ಮೊದಲು ಸಿನಿಮಾ.

ಆ ಜಾಕೆಟ್ ಕೊಳ್ಳೋಕೆ ಕಾರಣ 1991ರ 'ಟರ್ಮಿನೇಟರ್ 2'. ಶುರುವಿನ ದೃಶ್ಯ ನಿಮಗೆ ನೆನಪಿರಬೇಕು. ಭವಿಷ್ಯದಿಂದ ಬಂದ ಯಂತ್ರಮಾನವ ಬರಿಮೈಯಲ್ಲಿ ಬೈಕರ್‌ಗಳ ಬಾರ್ ಒಳಗೆ ನಡೆದು ಬರ್ತಾನೆ. ಅವನ ಕಣ್ಣಿನ ಕೆಂಪು ಪರದೆ ಒಬ್ಬೊಬ್ಬರ ಮೈಯಳತೆ ತೆಗೆಯುತ್ತೆ. ಈತ ಸಣ್ಣ, ಆತ ದಪ್ಪ, ಕೊನೆಗೆ ಒಬ್ಬನ ಅಳತೆ ಹೊಂದುತ್ತೆ. (ನನ್ನ ಕೆಲಸವೂ ಇದೇ: ಯಾವುದು ಯಾವುದಕ್ಕೆ ಹತ್ತಿರ ಅಂತ ಲೆಕ್ಕ ಹಾಕೋದು. ಇಷ್ಟು ಸ್ಟೈಲಾಗಿ ಯಾವತ್ತೂ ಮಾಡಿಲ್ಲ.) ಬಟ್ಟೆ, ಬೂಟು, ಬೈಕು ಕೊಡು ಅಂತಾನೆ. ಹೊರಗೆ ಬರುವಾಗ ಪೂರ್ತಿ ಲೆದರ್.

ಇದನ್ನು ಹೊಗಳುವವರು ಸಾಮಾನ್ಯವಾಗಿ ಒಂದು ಮಾತು ಹೇಳ್ತಾರೆ: ಕಾಪಾಡೋಕೆ ಬಂದವನು ರೌಡಿಯ ಬಟ್ಟೆಯಲ್ಲಿದ್ದಾನೆ, ಕೊಲ್ಲೋಕೆ ಬಂದವನು ಪೊಲೀಸ್ ಯೂನಿಫಾರ್ಮಿನಲ್ಲಿದ್ದಾನೆ. ಹೌದು, ಚೆನ್ನಾಗಿದೆ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣೋದು ಬೇರೆ. ಆ ಪೊಲೀಸ್ ಯೂನಿಫಾರ್ಮು ಬಟ್ಟೆಯೇ ಅಲ್ಲ. ಟಿ-1000 ದ್ರವ ಲೋಹ. ಅಂಗಿ, ಬೆಲ್ಟು, ಬ್ಯಾಜು ಎಲ್ಲಾ ಅವನ ಮೈಯೇ. ಗುಂಡು ಬಿದ್ದರೆ ತೂತು ತಾನಾಗಿ ಮುಚ್ಚಿಕೊಳ್ಳುತ್ತೆ. ಅರ್ನಾಲ್ಡ್‌ನ ಜಾಕೆಟ್ ಹಾಗಲ್ಲ. ಒಂದು ಸಲ ಹರಿದರೆ ಹರಿದೇ ಇರುತ್ತೆ. ಸಿನಿಮಾ ಮುಗಿಯೋ ಹೊತ್ತಿಗೆ ಅದು ಚಿಂದಿ. ಮನುಷ್ಯರ ನೋವು ಅವನಿಗೆ ಅರ್ಥವಾಗ್ತಾ ಬಂದಷ್ಟೂ ಅವನ ಚರ್ಮ, ಅದರ ಮೇಲಿನ ಚರ್ಮ, ಎರಡೂ ಕಿತ್ತುಬರ್ತಾ ಹೋಗುತ್ತೆ. ಸವೆಯುವ ವಸ್ತು ಮೈಮೇಲಿದ್ದವನ ಕಡೆಗೇ ನಮ್ಮ ಕರುಳು ಎಳೆಯೋದು.

ಆದರೂ ಆ ಜಾಕೆಟ್ ಕಿತ್ತುಕೊಂಡದ್ದು. ಇದನ್ನು ಗಮನಿಸಿದ ಮೇಲೆ ನನಗೆ ಎಲ್ಲಾ ಕಡೆ ಇದೇ ಕಾಣೋಕೆ ಶುರುವಾಯ್ತು. 2015ರ 'ದಿ ಫೋರ್ಸ್ ಅವೇಕನ್ಸ್'ನಲ್ಲಿ ಪೋನ ಜಾಕೆಟ್ ಫಿನ್‌ಗೆ ಸಿಗುತ್ತೆ, ಅವನು ಅದರೊಳಗೆ ಹೊಸ ಮನುಷ್ಯನಾಗ್ತಾನೆ. ಮ್ಯಾಡ್ ಮ್ಯಾಕ್ಸ್‌ನ ಮೈಮೇಲೆ ಇರೋದು ಕುಸಿದುಹೋದ ಒಂದು ಸರ್ಕಾರದ ಪೊಲೀಸ್ ಉಡುಪು. ವೈಜ್ಞಾನಿಕ ಸಿನಿಮಾದಲ್ಲಿ ಲೆದರ್ ಜಾಕೆಟ್ ಒಬ್ಬರಿಂದ ಒಬ್ಬರಿಗೆ ಬರುತ್ತೆ, ಕಳುವಾಗುತ್ತೆ, ಹೆಣದ ಮೇಲಿಂದ ಸಿಗುತ್ತೆ. ಅದನ್ನು ಯಾರಾದರೂ ಹೊಲಿಯೋದನ್ನು ನೋಡಿದ್ದೀರಾ? ನಾನಂತೂ ನೋಡಿಲ್ಲ. ಬಾಹ್ಯಾಕಾಶ ನೌಕೆ ರಿಪೇರಿ ಮಾಡೋದನ್ನು ಹತ್ತು ನಿಮಿಷ ತೋರಿಸ್ತಾರೆ. ಹದ ಮಾಡುವವನು, ಕತ್ತರಿಸುವವನು, ಹೊಲಿಯುವವನು ಮಾತ್ರ ಭವಿಷ್ಯದಲ್ಲಿ ಇಲ್ಲ.

ಪರದೆಯ ಹಿಂದೆ ಅವರು ಇದ್ದೇ ಇದ್ದಾರೆ, ಅದೂ ಬಹಳ ಕಷ್ಟದಲ್ಲಿ. 1979ರ ಮೊದಲ 'ಮ್ಯಾಡ್ ಮ್ಯಾಕ್ಸ್' ತೀರಾ ಕಡಿಮೆ ದುಡ್ಡಿನ ಸಿನಿಮಾ. ಪೊಲೀಸ್ ಉಡುಪುಗಳಲ್ಲಿ ಬಹುಪಾಲು ನಿಜವಾದ ಲೆದರ್ ಅಲ್ಲ, ವಿನೈಲ್. ಒಂದೇ ಇಲಾಖೆ, ಒಂದೇ ಬಣ್ಣ, ಚರ್ಮ ಮಾತ್ರ ಎಲ್ಲರಿಗೂ ಇಲ್ಲ! 1981ರ ಎರಡನೇ ಭಾಗಕ್ಕೆ ವಸ್ತ್ರವಿನ್ಯಾಸ ನೋರ್ಮಾ ಮೋರಿಸೋ ಅವರದ್ದು. ಅಲ್ಲಿ ಮ್ಯಾಕ್ಸ್‌ನ ಜಾಕೆಟ್‌ಗೆ ಒಂದು ತೋಳೇ ಇಲ್ಲ, ಕಾಲಿಗೆ ಲೋಹದ ಪಟ್ಟಿ. ಮೊದಲ ಭಾಗದಲ್ಲಿ ಅವನ ಮಂಡಿಗೆ ಗುಂಡು ಬಿದ್ದು, ಕೈ ಮೇಲೆ ಬೈಕು ಹರಿದಿತ್ತಲ್ಲ, ಅದರ ಲೆಕ್ಕ ಅದು. ಒಂದು ಮಾತೂ ಆಡದೆ ಹಿಂದಿನ ಸಿನಿಮಾದ ಕಥೆಯನ್ನು ಬಟ್ಟೆಯೇ ಹೇಳುತ್ತೆ. ಆಮೇಲೆ ಬಂದ ಎಷ್ಟೋ 'ಪ್ರಳಯದ ನಂತರ'ದ ಸಿನಿಮಾಗಳು ಆ ಒಂಟಿ ತೋಳನ್ನು ಫ್ಯಾಷನ್ ಅಂದ್ಕೊಂಡು ಕಾಪಿ ಹೊಡೆದವು. ಗಾಯವಿಲ್ಲದೆ ಬ್ಯಾಂಡೇಜ್ ಕಟ್ಟಿಕೊಂಡ ಹಾಗೆ.

'ದಿ ಮೇಟ್ರಿಕ್ಸ್' (1999) ಇನ್ನೂ ಮಜಾ. ಟ್ರಿನಿಟಿಯ ಆ ಹೊಳೆಯುವ ಕಪ್ಪು ಉಡುಪು ಲೆದರ್ ಅಲ್ಲ, ಪಿವಿಸಿ. ನಿಯೋನ ಉದ್ದ ಕೋಟು ಅಗ್ಗದ ಉಣ್ಣೆ ಮಿಶ್ರಿತ ಬಟ್ಟೆ. ವಿನ್ಯಾಸಕಿ ಕಿಮ್ ಬ್ಯಾರೆಟ್‌ಗೆ ಇದ್ದ ಬಜೆಟ್ ಅಷ್ಟೇ. ಆದರೆ ಅಭಾವ ಇಲ್ಲಿ ಅರ್ಥವಾಗಿ ಬದಲಾಗಿದೆ. ಹೊಳೆಯುವ ಉಡುಪು ಇರೋದು ಸುಳ್ಳು ಲೋಕದಲ್ಲಿ, ಅಂದ್ರೆ ಬರೀ ಡೇಟಾ. ನಿಜ ಲೋಕದಲ್ಲಿ ನೌಕೆಯೊಳಗೆ ಎಲ್ಲರೂ ತೂತುಬಿದ್ದ ಸ್ವೆಟರ್ ಹಾಕ್ಕೊಂಡು ಗಂಜಿ ಕುಡೀತಾರೆ. ನಾವೆಲ್ಲ ಸಿನಿಮಾ ನೋಡಿ ಹೊರಗೆ ಬಂದು ಕೊಂಡದ್ದು ಯಾವುದನ್ನ? ಸ್ವೆಟರ್ ಅಂತೂ ಅಲ್ಲ.

2016ರಲ್ಲಿ 'ಫ್ಯೂರಿ ರೋಡ್'ಗೆ ಆಸ್ಕರ್ ತಗೊಳ್ಳೋಕೆ ವಸ್ತ್ರವಿನ್ಯಾಸಕಿ ಜೆನ್ನಿ ಬೀವನ್ ವೇದಿಕೆಗೆ ಬಂದದ್ದು ಬೆನ್ನ ಮೇಲೆ ಬುರುಡೆ ಚಿತ್ರವಿದ್ದ ಜಾಕೆಟ್ ಹಾಕ್ಕೊಂಡು. ಸುತ್ತ ಗೌನು, ಟಕ್ಸಿಡೋ. ಆ ಜಾಕೆಟ್ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನದ್ದು, ಫೇಕ್ ಲೆದರ್. ನನ್ನದರ ದಾಯಾದಿ.

ನನ್ನದೂ ಫೇಕ್ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಅಥಣಿಯಲ್ಲಿ.

ನಮ್ಮದು ಬೆಳಗಾವಿ ಜಿಲ್ಲೆಯ ಅಥಣಿ. ಅಜ್ಜನಿಗೆ ನಮ್ಮ ಕಡೆ ಮುತ್ಯಾ ಅಂತಾರೆ. ನಮ್ಮ ಮುತ್ಯಾ ಚಪ್ಪಲಿ ಮಾಡ್ತಿದ್ದರು. ನೀವು ಕೊಲ್ಹಾಪುರಿ ಅಂತ ಕೊಳ್ಳುವ ಚಪ್ಪಲಿಗಳಲ್ಲಿ ಎಷ್ಟೋ ಹುಟ್ಟೋದು ಅಥಣಿ, ನಿಪ್ಪಾಣಿ ಕಡೆ. ಅದಕ್ಕೆ ಸಿಕ್ಕಿರುವ ಜಿಐ ಟ್ಯಾಗ್‌ನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಸೇರಿವೆ. ಜಾಲಿ ಮರದ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ತೊಗಲಿನದೇ ದಾರದಲ್ಲಿ ಹೊಲಿಗೆ. ಕನ್ನಡ ಕಲೀತಾ ಇರೋರಿಗೆ ಒಂದು ಮಾತು: ಚರ್ಮ ಸಂಸ್ಕೃತದಿಂದ ಬಂದ ಪದ, ಆಸ್ಪತ್ರೆಯ ಬೋರ್ಡಿನ ಮೇಲೆ ಇರುತ್ತೆ. ತೊಗಲು ಅಚ್ಚಗನ್ನಡ, ನಮ್ಮ ಮನೆಯಲ್ಲಿದ್ದ ಪದ. ಲೆದರ್ ಅಂದ್ರೆ ಶೋರೂಮು. ವಸ್ತು ಒಂದೇ, ಯಾವ ಪದ ಬಾಯಿಗೆ ಬಂತು ಅನ್ನೋದರ ಮೇಲೆ ನಿಮ್ಮ ಮನೆ ಯಾವ ಓಣಿಯಲ್ಲಿತ್ತು ಅಂತ ಊಹಿಸಬಹುದು.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ಮನೆಯವರು ಏನ್ಮಾಡ್ತಾರೆ ಅಂತ ಕೇಳಿದರೆ 'ಬಿಸಿನೆಸ್' ಅಂತಿದ್ದೆ. ಊರಿಂದ ಬರುವಾಗ ಬ್ಯಾಗನ್ನು ಮೂಸಿ ನೋಡ್ತಿದ್ದೆ, ವಾಸನೆ ಬಂದಿದೆಯಾ ಅಂತ. ಅದೇ ನಾನು ಹೊರದೇಶಕ್ಕೆ ಹೋದ ಮೇಲೆ ಲೆದರ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತೆ. ಅಲ್ಲಿ ಅದು ಬಂಡಾಯದ ಗುರುತು, ಬೈಕಿನ ಗುರುತು, ಭವಿಷ್ಯದ ಗುರುತು. ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ, 'ಕೂಲ್' ಅಂದರು.

ರಜೆಗೆ ಬಂದಾಗ ಮುತ್ಯಾನಿಗೆ ತೋರಿಸಿದೆ. ಅವರು ಕನ್ನಡಕ ಹುಡುಕಲಿಲ್ಲ. ತೋಳನ್ನು ಮೂಗಿನ ಹತ್ತಿರ ಹಿಡಿದು, ಉಗುರಿನಿಂದ ಒಳಗಡೆ ಅಂಚು ಕೆರೆದು ನೋಡಿದರು.

"ಎಷ್ಟ ಕೊಟ್ಟಿ ಇದಕ್ಕ?"

ಹೇಳಿದೆ. ಅರ್ಧ ಕಡಿಮೆ ಮಾಡೇ ಹೇಳಿದೆ.

"ಇದು ತೊಗಲಲ್ಲೋ ತಮ್ಮಾ. ರೆಕ್ಸಿನ್ ಐತಿ. ತೊಗಲಿಗೆ ವಾಸನಿ ಇರ್ತೈತಿ."

ಯಾವ ವಾಸನೆ ಬರಬಾರದು ಅಂತ ನಾನು ಬ್ಯಾಗು ಮೂಸ್ತಿದ್ದೆನೋ ಅದೇ ವಾಸನೆ. ಇದನ್ನೇ ಎಪಿಸೋಡ್‌ನಲ್ಲಿ ಹೇಳೋಕೆ ಆಗಲಿಲ್ಲ.

ಈಗ 'ಬ್ಲೇಡ್ ರನ್ನರ್' (1982) ವಿಷಯಕ್ಕೆ ಬರಬೇಕು. ಈ ಪ್ರಶ್ನೆ ಇಟ್ಕೊಂಡು ನೋಡಿದಾಗ ಇಡೀ ಗುಂಪಿನಲ್ಲಿ ನನಗೆ ನಿಲ್ಲುವ ಸಿನಿಮಾ ಅದೊಂದೇ. ಮೈಕೆಲ್ ಕ್ಯಾಪ್ಲನ್ ಮತ್ತು ಚಾರ್ಲ್ಸ್ ನೋಡ್ ಅದರ ವಸ್ತ್ರವಿನ್ಯಾಸಕರು. (ಮೇಲೆ ಹೇಳಿದ ಫಿನ್‌ನ ಜಾಕೆಟ್ಟೂ ಮುಂದೆ ಕ್ಯಾಪ್ಲನ್ ಕೈಯಿಂದಲೇ ಬಂತು.) ಆ ಸಿನಿಮಾದಲ್ಲಿ ಮನುಷ್ಯರು ತಯಾರಿಸಿದ ಕೃತಕ ಮನುಷ್ಯರಿಗೆ ಪೊಲೀಸ್ ಅಧಿಕಾರಿ ಒಂದು ಬೈಗುಳ ಬಳಸ್ತಾನೆ. ಅದು ತೊಗಲಿನ ಮೇಲೆ ಕಟ್ಟಿದ ಬೈಗುಳ. ಮೊದಲು ಥಿಯೇಟರಿಗೆ ಬಂದ ಆವೃತ್ತಿಯಲ್ಲಿ ಡೆಕರ್ಡ್‌ನ ದನಿ ಅದನ್ನು ಕಪ್ಪು ಜನರಿಗೆ ಬಳಸುತ್ತಿದ್ದ ಪದಕ್ಕೆ ಹೋಲಿಸುತ್ತೆ. ಹಾಸ್ಟೆಲ್ ಹಾಲಿನಲ್ಲಿ ಗೆಳೆಯರ ಜೊತೆ ನೋಡ್ತಾ ಇದ್ದೆ. ಯಾರೋ ಆ ಪದಕ್ಕೆ ನಕ್ಕರು. ತೊಗಲಿನ ಹೆಸರು ಹಿಡಿದು ಬೈಯೋದು ಹೇಗಿರುತ್ತೆ ಅಂತ ಆ ಕೋಣೆಯಲ್ಲಿ ನನಗೆ ಮಾತ್ರ ಗೊತ್ತಿತ್ತು ಅಂತ ಕಾಣುತ್ತೆ. ಜಾಕೆಟ್ಟಿನ ಜಿಪ್ ಮೇಲಕ್ಕೆ ಎಳಕೊಂಡೆ.

ಬೈಗುಳಕ್ಕೆ ಸಿನಿಮಾ ಕೊಡುವ ಉತ್ತರ ನೋಡಿ. ಡೆಕರ್ಡ್‌ಗೆ ಒಂದು ಹಾವಿನ ಪೊರೆಯ ಚೂರು ಸಿಗುತ್ತೆ. ಅದನ್ನು ಬೀದಿಯ ಒಬ್ಬ ಹೆಂಗಸಿನ ಹತ್ತಿರ ಒಯ್ತಾನೆ. ಅವಳು ಸೂಕ್ಷ್ಮದರ್ಶಕದಲ್ಲಿಟ್ಟು ಕೆಲಸ ಅಚ್ಚುಕಟ್ಟಾಗಿದೆ ಅಂತ ಮೆಚ್ಚಿ, ತಯಾರಕನ ನಂಬರ್ ಓದ್ತಾಳೆ. ಆ ನಂಬರ್ ಹಿಡಿದು ಅವನು ಹೋಗೋದು ಅಬ್ದುಲ್ ಬೆನ್ ಹಸನ್ ಅನ್ನುವ ಹಾವು ಮಾಡುವವನ ಅಂಗಡಿಗೆ. ಇನ್ನೊಂದು ಕಡೆ ಚಳಿಯ ಕೋಣೆಯಲ್ಲಿ ಕೂತು ಕಣ್ಣು ಮಾಡುವ ಮುದುಕ. ಅಂದ್ರೆ ಇಲ್ಲಿ ಪ್ರತಿ ವಸ್ತುವಿನ ಹಿಂದೆ ಒಬ್ಬ ಮಾಡಿದವರು ಇದ್ದಾರೆ, ಅವರಿಗೆ ಹೆಸರಿದೆ, ಅಂಗಡಿಯಿದೆ. ಆ ಹಾವಿನ ಒಡತಿ ಜೋರಾ ಓಡುವಾಗ ಹಾಕ್ಕೊಂಡಿರೋದು ಪಾರದರ್ಶಕ ಪ್ಲಾಸ್ಟಿಕ್ ರೇನ್‌ಕೋಟು. ಗುಂಡು ತಗುಲಿ, ಗಾಜುಗಳನ್ನು ಒಡೆದುಕೊಂಡು ಬೀಳ್ತಾಳೆ. ಅವಳ ತೊಗಲನ್ನು ಮುಚ್ಚುವ ಏನೂ ಅಲ್ಲಿಲ್ಲ. ಆ ದೃಶ್ಯ ಹೆಂಗಸಿನ ಮೈಯನ್ನು ನೋಡುವ ರೀತಿಯ ಬಗ್ಗೆ ನನಗೆ ತಕರಾರಿದೆ. ಆದರೂ 'ಇದು ನಕಲಿ ಚರ್ಮ' ಅನ್ನುವವರ ಬಾಯಿ ಅಲ್ಲಿ ಕಟ್ಟಿಹೋಗುತ್ತೆ.

ನಮ್ಮ ಕನ್ನಡ ಪರದೆ? 1968ರ 'ಜೇಡರ ಬಲೆ' ನೆನಪಾಗುತ್ತೆ. ದೊರೈ-ಭಗವಾನ್ ನಿರ್ದೇಶನ, ಅಗ್ಗದ ಲೋಹವನ್ನು ಚಿನ್ನ ಮಾಡುವ ಸೂತ್ರಕ್ಕಾಗಿ ಓಡಾಟ, ಸೂಟು ತೊಟ್ಟ ಸಿಐಡಿ 999 ಆಗಿ ರಾಜ್‌ಕುಮಾರ್. ಅದೇ ವರ್ಷ ಕುಬ್ರಿಕ್‌ನ '2001' ಬಂತು, ಅದರ ಉಡುಪು ಇಂಗ್ಲೆಂಡಿನ ರಾಣಿಗೆ ಬಟ್ಟೆ ಹೊಲಿಯುತ್ತಿದ್ದ ಹಾರ್ಡಿ ಏಮೀಸ್ ಅವರದ್ದು. ಇಬ್ಬರ ಲೆಕ್ಕದಲ್ಲೂ ನಾಳೆ ಅಂದ್ರೆ ಸೂಟು! ಆದರೆ ರಾಜ್‌ಕುಮಾರ್ ಬೇಟೆಗಾರನಾಗಿದ್ದರು ('ಬೇಡರ ಕಣ್ಣಪ್ಪ', 1954), ನೇಕಾರನಾಗಿದ್ದರು ('ಮಹಾತ್ಮ ಕಬೀರ್', 1962), ಕುಂಬಾರನಾಗಿದ್ದರು ('ಭಕ್ತ ಕುಂಬಾರ', 1974). ಕೈಯಲ್ಲಿ ವಸ್ತು ಮಾಡುವವರೆಲ್ಲ ನಮ್ಮ ಸಿನಿಮಾದಲ್ಲಿ ಭಕ್ತಿಯ ಹಳೇ ಕಾಲದಲ್ಲಿ ಸುಖವಾಗಿದ್ದಾರೆ. ವಿಜ್ಞಾನ ಬಂದ ಕೂಡಲೇ ಕಾಣೆ.

ಅದಕ್ಕೂ ಹಿಂದೆ ನಮ್ಮಲ್ಲಿ ಪರದೆಯ ಮೇಲಿನ ಮೈಯೇ ತೊಗಲಾಗಿತ್ತು. ತೊಗಲು ಗೊಂಬೆಯಾಟ: ತೆಳುವಾಗಿ ಹದ ಮಾಡಿದ ಚರ್ಮ, ಅದಕ್ಕೆ ಬಣ್ಣ, ಹಿಂದೆ ದೀಪ, ಮುಂದೆ ಬಿಳಿ ಬಟ್ಟೆ. ಹತ್ತು ತಲೆಯ ರಾವಣ ಬೆಳಕಿನಲ್ಲಿ ಹೊಳೆಯೋದನ್ನು ನೋಡಿದವರಿಗೆ ಟ್ರಿನಿಟಿಯ ಪಿವಿಸಿ ಸಪ್ಪೆ. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ತೊಂಬತ್ತು ದಾಟಿತ್ತು. ಚರ್ಮೋದ್ಯಮಕ್ಕಾಗಿ 1976ರಲ್ಲಿ ಶುರುವಾದ ರಾಜ್ಯ ಸರ್ಕಾರದ ಲಿಡ್ಕರ್‌ಗೆ 2023ರಲ್ಲಿ ನಟ ಧನಂಜಯ ರಾಯಭಾರಿಯಾದರು. ನನಗೆ ಖುಷಿಯಾಯ್ತು. ಚಿತ್ರತಂಡಗಳಿಗೆ ಒಂದು ಬೇಡಿಕೆಯೂ ಇದೆ: ಮುಂದಿನ ಸೈನ್ಸ್ ಫಿಕ್ಷನ್‌ನಲ್ಲಿ ಹೀರೋ ಜಾಕೆಟ್ ಹರಿದುಕೊಂಡಾಗ ಅದನ್ನು ಹೊಲಿಸೋಕೆ ಯಾರ ಹತ್ತಿರವಾದರೂ ಹೋಗಲಿ, ಆ ಅಂಗಡಿಯೊಳಗೆ ಕ್ಯಾಮೆರಾ ಎರಡು ನಿಮಿಷ ನಿಲ್ಲಲಿ.

ನನ್ನ ಜಾಕೆಟ್ ಯಾಕೆ ಉದುರಿತು ಅಂತ ಓದಿಕೊಂಡೆ. ಪಾಲಿಯುರಿಥೇನ್ ಲೇಪನ ಶಾಖಕ್ಕೂ ತೇವಕ್ಕೂ ಒಡೆದುಹೋಗುತ್ತೆ, ಹಾಕದೆ ಸುಮ್ಮನೆ ಇಟ್ಟರೂ ಕೆಡುತ್ತೆ. ಅಜೈಬಾದಂಥ ಊರಿಗೆ ಅದು ಹೇಳಿ ಮಾಡಿಸಿದ ಸಾವು. ಇಲ್ಲಿನವರು ಬಿಳಿ ದಿಶ್‌ದಾಶಾ ಹಾಕ್ತಾರೆ, ಕೊರಳ ಹತ್ತಿರ ನೇತಾಡುವ ಪುಟ್ಟ ಕುಚ್ಚಿಗೆ ಅತ್ತರು ಸವರ್ತಾರೆ. ಈ ಬಿಸಿಲಿಗೆ ಏನು ಹಾಕಬೇಕು ಅಂತ ಶತಮಾನಗಳಿಂದ ಯೋಚಿಸಿದವರ ಉಡುಪು ಅದು.

ಕಪಾಟಿನ ಕೆಳಗಿನ ಹಲಗೆಯಲ್ಲಿ ಮುತ್ಯಾ ಮಾಡಿಕೊಟ್ಟ ಚಪ್ಪಲಿ ಜೋಡಿ ಇದೆ. ಅವರು ಹೋಗಿ ಆರು ವರ್ಷ. ಜಾಕೆಟ್ಟಿನ ಕಪ್ಪು ಹೊಟ್ಟೆಲ್ಲ ಅದರ ಮೇಲೆ ಬಿದ್ದಿತ್ತು. ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ, ಶುಕ್ರವಾರ ಸಂಜೆ ಹಾಕ್ಕೊಂಡು ಬೀಚ್ ಕಡೆ ನಡೆದೆ. ಅಂಗಾಲಿಗೆ ಇನ್ನೂ ಹೊಂದಿಕೊಂಡಿಲ್ಲ, ಎಡಗಾಲಿನದು ಕಚ್ಚುತ್ತೆ.